ಹಳೇ ಫೋನಿನ ನಂಬರು, ಹಳೇ ಕಂಪ್ಯೂಟರಿನ ವಿಳಾಸ ಹೊಸದಕ್ಕೆ ಬರುವಾಗ



ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಊರಿನಲ್ಲಿ ನಮ್ಮ ಸದಸ್ಯೆಯೊಬ್ಬರ ಎಚ್‌ಎಫ್ ಹಸು ಬೆಳಗಿನ ಹಾಲು ಕರೆಯುವ ಹೊತ್ತಿಗೆ ಬೆದೆಗೆ ಬಂದಿತ್ತು. ಲೋಳೆ ಸೋರುತ್ತಿತ್ತು, ಮೇವು ಬಿಟ್ಟು ಕೂಗುತ್ತಿತ್ತು. ಬೆಳಿಗ್ಗೆ ಬೆದೆ ಕಂಡರೆ ಸಂಜೆಯೊಳಗೆ ಗರ್ಭಧಾರಣೆ ಮಾಡಿಸಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಇಲ್ಲದಿದ್ದದ್ದು ಕೃತಕ ಗರ್ಭಧಾರಣೆ ಕಾರ್ಯಕರ್ತರ ಫೋನ್ ನಂಬರ್ ಮಾತ್ರ. ಹಿಂದಿನ ವಾರವಷ್ಟೇ ಮಗ ಹೊಸ ಫೋನ್ ತಂದುಕೊಟ್ಟಿದ್ದ.

"ಸಿಮ್ ಹಾಕಿದ್ರೆ ನಂಬರೆಲ್ಲ ತಾನೇ ಬರ್ತದೆ ಅಂದ ಮೇಡಂ. ಬಂದಿದ್ದು ಹನ್ನೊಂದು ನಂಬರು. ಅದ್ರಲ್ಲಿ ನಾಕು ಸಿಮ್ ಕಂಪ್ನಿಯವ್ರದೇ" ಎಂದರು ಆಕೆ ನನ್ನ ಹತ್ತಿರ. ಡೈರಿಯಲ್ಲಿ ಕೇಳೋಣವೆಂದರೆ ಬೆಳಗಿನ ಹಾಲು ಅಳೆದು ಕಾರ್ಯದರ್ಶಿ ಹೊರಟುಹೋಗಿದ್ದರು. ನಂಬರ್ ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ. ಅಷ್ಟು ಹೊತ್ತಿಗೆ ಬೆದೆ ಇಳಿದಿತ್ತು. ಇನ್ನು 21 ದಿನ ಕಾಯಬೇಕು. ಆ 21 ದಿನ ಹಸು ಮೇವು, ಹಿಂಡಿ, ಬೂಸ ತಿನ್ನುವುದನ್ನೇನೂ ನಿಲ್ಲಿಸುವುದಿಲ್ಲ. ಮುಂದಿನ ಕರು, ಮುಂದಿನ ಹಾಲು ಮಾತ್ರ ಅಷ್ಟು ದಿನ ಹಿಂದಕ್ಕೆ ಹೋಗುತ್ತದೆ.

ಬೇಜಾರಿನ ಸಂಗತಿಯೆಂದರೆ ಆ ನಂಬರ್ ಎಲ್ಲಿಗೂ ಹೋಗಿರಲಿಲ್ಲ. ಗೂಡಿನಲ್ಲಿ ಚಾರ್ಜ್ ಇಲ್ಲದೆ ಬಿದ್ದಿದ್ದ ಹಳೇ ಕೀಪ್ಯಾಡ್ ಫೋನಿನೊಳಗೆ ಇತ್ತು.

ಈ ಸಲ ಈ ವಿಷಯ ಬರೆಯಲು ಇನ್ನೊಂದು ಕಾರಣವೂ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಾನು ಹೋಗುವ ಸಂಘಗಳಲ್ಲಿ ಹಳೇ ಕಂಪ್ಯೂಟರ್ ತೆಗೆದು ಹೊಸದು ಇಡುವ ಮಾತು ನಡೆಯುತ್ತಿದೆ. ಅಲ್ಲೂ ಇದೇ ಕಥೆ. ಹಳೇ ಈಮೇಲ್ ತಂತ್ರಾಂಶದಲ್ಲಿದ್ದ ವಿಳಾಸಗಳು ಹೊಸದರಲ್ಲಿ ಕಾಣುವುದಿಲ್ಲ. ಮನೆಯ ಫೋನು, ಸಂಘದ ಈಮೇಲು ಬೇರೆ ಬೇರೆ ವಿಷಯ ಎಂದುಕೊಳ್ಳಬೇಡಿ. ಈಗಿನ ಸ್ಮಾರ್ಟ್‌ಫೋನಿನಲ್ಲಿ ನಂಬರುಗಳು ಕೂರುವುದೇ ಹೆಚ್ಚಾಗಿ ಒಂದು ಈಮೇಲ್ ಖಾತೆಯಲ್ಲಿ. ಆದ್ದರಿಂದ ಎರಡಕ್ಕೂ ಮೊದಲ ಪ್ರಶ್ನೆ ಒಂದೇ: ಹೆಸರು-ನಂಬರುಗಳು ಈಗ ಎಲ್ಲಿ ಕೂತಿವೆ?

ಮೂರು ಜಾಗ

ಫೋನಿನಲ್ಲಿ ಹೆಸರು ಉಳಿಸಿಕೊಳ್ಳುವ ಜಾಗ ಮೂರು. ಒಂದು ಸಿಮ್, ಇನ್ನೊಂದು ಫೋನಿನ ಸ್ವಂತ ಮೆಮೊರಿ, ಮೂರನೆಯದು ಈಮೇಲ್ ಖಾತೆ, ಅಂದರೆ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್. ತೆರೆಯ ಮೇಲೆ ಮೂರೂ ಒಟ್ಟಿಗೆ ಒಂದೇ ಪಟ್ಟಿಯಾಗಿ ಕಾಣುವುದರಿಂದ ಯಾವುದು ಎಲ್ಲಿದೆ ಎಂದು ನಮಗೆ ತಿಳಿಯುವುದಿಲ್ಲ.

ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಸಿಮ್ಮಿನಲ್ಲಿದ್ದದ್ದು ಮಾತ್ರ ಬರುತ್ತದೆ. ಸಿಮ್ಮಿನ ಜಾಗ ಬಹಳ ಚಿಕ್ಕದು, ಸಾಮಾನ್ಯವಾಗಿ 250 ಹೆಸರಿನಷ್ಟು. ಹೆಸರು ಉದ್ದವಾದರೆ ಬಾಲ ಕತ್ತರಿಸಿ ಹೋಗುತ್ತದೆ. ಕನ್ನಡದಲ್ಲಿ ಬರೆದಿದ್ದರೆ ಇನ್ನೂ ಬೇಗ ಕತ್ತರಿಸುತ್ತದೆ. "ಡಾಕ್ಟರ್ ಹನಗೋಡು", "ಡಾಕ್ಟರ್ ಬಿಳಿಕೆರೆ" ಎಂದು ಬೇರೆ ಬೇರೆಯಾಗಿ ಇಟ್ಟುಕೊಂಡದ್ದು ಎರಡೂ "ಡಾಕ್ಟರ್" ಆಗಿ ನಿಲ್ಲಬಹುದು. ಆದ್ದರಿಂದ ಊರಿನ ಹೆಸರು ಮೊದಲು, ಕೆಲಸ ಆಮೇಲೆ ಬರೆಯುವ ಅಭ್ಯಾಸ ಒಳ್ಳೆಯದು: "ಹನಗೋಡು ಡಾಕ್ಟರ್". ಒಬ್ಬರಿಗೆ ಎರಡು ನಂಬರ್ ಇದ್ದರೆ ಸಿಮ್ಮಿನಲ್ಲಿ ಅದು ಎರಡು ಹೆಸರಾಗುತ್ತದೆ. ಈಮೇಲ್ ವಿಳಾಸ ಸಾಮಾನ್ಯವಾಗಿ ಅಲ್ಲಿ ಉಳಿಯುವುದೇ ಇಲ್ಲ.

ಫೋನಿನ ಸ್ವಂತ ಮೆಮೊರಿಯಲ್ಲಿ ಇಟ್ಟದ್ದು ಆ ಫೋನಿನ ಜೊತೆಗೇ ಇರುತ್ತದೆ. ಫೋನ್ ಕಲಗಚ್ಚಿನ ಬಾನಿಗೆ ಬಿದ್ದರೆ ಅದರ ಜೊತೆಗೇ ಮುಳುಗುತ್ತದೆ. ಮೇಲೆ ಹೇಳಿದ ಅಕ್ಕನಿಗೆ ಆಗಿದ್ದೂ ಇದೇ. ಹನ್ನೊಂದು ನಂಬರ್ ಸಿಮ್ಮಿನಲ್ಲಿದ್ದವು, ಉಳಿದವು ಹಳೇ ಫೋನಿನ ಮೆಮೊರಿಯಲ್ಲಿದ್ದವು.

ಈಮೇಲ್ ಖಾತೆಯಲ್ಲಿ ಇಟ್ಟದ್ದು ಫೋನ್ ಕಳೆದರೂ ಇರುತ್ತದೆ. ಹೊಸ ಫೋನಿನಲ್ಲಿ ಅದೇ ಖಾತೆ ತೆರೆದು ಇಂಟರ್ನೆಟ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹೆಸರುಗಳೆಲ್ಲ ಇಳಿಯುತ್ತವೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದವರು ಗಾಬರಿಯಾಗಬೇಡಿ. ಒಮ್ಮೆ ಇಳಿದ ಮೇಲೆ ನಂಬರ್ ನೋಡುವುದಕ್ಕೆ ಇಂಟರ್ನೆಟ್ ಬೇಕಿಲ್ಲ. ಸಂತೆಗೆ ಹೋದಾಗಲೋ ಪೇಟೆಗೆ ಹೋದಾಗಲೋ ಸಿಗ್ನಲ್ ಇರುವ ಕಡೆ ಇಳಿಸಿಕೊಂಡರೆ ಸಾಕು.

ಯಾವ ಹೆಸರು ಎಲ್ಲಿದೆ ಎಂದು ನೋಡಲು ಫೋನಿನ ಕಾಂಟ್ಯಾಕ್ಟ್ಸ್ ತೆರೆದು, ಒಂದು ಹೆಸರು ಒತ್ತಿ, ತಿದ್ದುವ ಪೆನ್ಸಿಲ್ ಗುರುತು ಒತ್ತಿ. ಮೇಲ್ಗಡೆ ಸಿಮ್, ಫೋನ್ ಅಥವಾ ಒಂದು ಜಿಮೇಲ್ ವಿಳಾಸ ಕಾಣುತ್ತದೆ. ಹತ್ತು ಹೆಸರು ಹೀಗೆ ನೋಡಿದರೆ ನಿಮ್ಮ ಫೋನಿನ ಲೆಕ್ಕ ಗೊತ್ತಾಗುತ್ತದೆ.

ಬೀಗ ಹಾಕಿದವರು ಯಾರು, ಬೀಗದ ಕೈ ಯಾರ ಹತ್ತಿರ?

ಹಾಗಾದರೆ ಜಿಮೇಲ್ ಇದ್ದವರಿಗೆ ತೊಂದರೆಯೇ ಇಲ್ಲ ಎನ್ನಬಹುದು. ನಾನೂ ಹಾಗೇ ತಿಳಿದಿದ್ದೆ. ಒಂದು ಮಹಿಳಾ ಸಂಘದ ಸಭೆಯಲ್ಲಿ "ನಿಮ್ಮ ಜಿಮೇಲ್ ವಿಳಾಸ ಯಾರಿಗೆ ಗೊತ್ತು, ಕೈ ಎತ್ತಿ" ಎಂದೆ. ಇಪ್ಪತ್ತಕ್ಕೂ ಹೆಚ್ಚು ಜನರ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಕೈ ಎತ್ತಿದವರು ಇಬ್ಬರು. ಉಳಿದವರಿಗೆ ಅಂಗಡಿಯ ಹುಡುಗನೋ, ಮಗನೋ, ಅಳಿಯನೋ ಖಾತೆ ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ಆ ಹುಡುಗನಿಗೂ ನೆನಪಿಲ್ಲ.

ಆಮೇಲೆ ಆಗುವುದು ಇಷ್ಟು. ಫೋನ್ ಹಾಳಾಗುತ್ತದೆ, ಹೊಸದು ತರುತ್ತೇವೆ. ಅಂಗಡಿಯಲ್ಲಿ "ಮೇಲ್ ಐಡಿ ಏನು?" ಎನ್ನುತ್ತಾರೆ. ಗೊತ್ತಿಲ್ಲ ಎಂದರೆ ಐದು ನಿಮಿಷದಲ್ಲಿ ಹೊಸದೊಂದು ಮಾಡಿಕೊಡುತ್ತಾರೆ. ಹೊಸ ಖಾತೆ ಎಂದರೆ ಖಾಲಿ ಕಣಜ. ಹಳೇ ಖಾತೆಯಲ್ಲಿ ನಂಬರುಗಳು ಭದ್ರವಾಗಿಯೇ ಇವೆ, ಬೀಗದ ಕೈ ಮಾತ್ರ ನಮ್ಮ ಹತ್ತಿರ ಇಲ್ಲ. ಹೀಗೆ ಎರಡು, ಮೂರು ಖಾತೆಯಾದ ಅಕ್ಕಂದಿರೂ ಇದ್ದಾರೆ. ಹಳೆಯದು ಹಾಗೇ ಇರುತ್ತದೆ, ಎಂದಾದರೂ ತೆಗೆಯೋಣ ಎನ್ನುವಂತೆಯೂ ಇಲ್ಲ. ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಖಾತೆ ಅಳಿದರೆ ಅದರಲ್ಲಿದ್ದ ಹೆಸರು, ನಂಬರು, ಫೋಟೋ ಎಲ್ಲವೂ ಹೋದಂತೆ.

ಇನ್ನು ಕೆಲವರ ಫೋನಿನಲ್ಲಿ ಮಗನ ಖಾತೆಯೇ ಇರುತ್ತದೆ. ಆಗ ಅಮ್ಮನ ಪಶು ಡಾಕ್ಟರು, ಮಗನ ಕಾಲೇಜಿನ ಗೆಳೆಯರು ಎಲ್ಲ ಒಂದೇ ಪಟ್ಟಿ. ಮಗ ಬೆಂಗಳೂರಿನಲ್ಲಿ ಕೂತು "ಇದ್ಯಾವುದೋ ಬೇಡದ ನಂಬರು" ಎಂದು ಅಳಿಸಿದರೆ ಇಲ್ಲಿ ಅಮ್ಮನ ಫೋನಿನಲ್ಲೂ ಅಳಿಯುತ್ತದೆ. ಮಗನ ತಪ್ಪೇನಿಲ್ಲ. ಒಂದೇ ಗೋದಲಿಯಲ್ಲಿ ಎರಡು ಮನೆಯ ಹಸು ಕಟ್ಟಿದರೆ ಆಗುವುದೇ ಇದು.

ಈ ಸಂಚಿಕೆ ಓದಿದ ದಿನವೇ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಎಂದಿರುವ ಕಡೆ ಒತ್ತಿ. ಕಾಣುವ ಜಿಮೇಲ್ ವಿಳಾಸವನ್ನು ಹಾಲಿನ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಒಂದು ಅಕ್ಷರವೂ ತಪ್ಪದಂತೆ ಬರೆದುಕೊಳ್ಳಿ. ಪಾಸ್‌ವರ್ಡ್ ಅಲ್ಲಿ ಬರೆಯಬೇಡಿ, ಆ ಪುಸ್ತಕ ಹತ್ತು ಜನರ ಕೈಗೆ ಹೋಗುತ್ತದೆ. ಅದನ್ನು ಮನೆಯಲ್ಲಿ, ಜಮೀನಿನ ಪತ್ರ ಇಡುವ ಜಾಗದಲ್ಲಿಡಿ. ಖಾತೆಗೆ ಸೇರಿಸಿರುವ ಮೊಬೈಲ್ ನಂಬರ್ ಈಗ ನೀವು ಬಳಸುವ ನಂಬರೇ ಎಂದು ನೋಡಿ. ಪಾಸ್‌ವರ್ಡ್ ಮರೆತಾಗ ಗೂಗಲ್ ಒಟಿಪಿ ಕಳಿಸುವುದು ಆ ನಂಬರಿಗೆ. ಎಂದೋ ಬಿಟ್ಟ ಸಿಮ್ಮಿನ ನಂಬರ್ ಅಲ್ಲಿದ್ದರೆ ಒಟಿಪಿ ಇನ್ಯಾರಿಗೋ ಹೋಗುತ್ತದೆ.

ಕೀಪ್ಯಾಡ್ ಫೋನಿನಿಂದ

ಹಳೇ ಫೋನಿನ ಹೆಸರುಗಳನ್ನು ತರಲು ಎರಡು ದಾರಿ. ಸುಲಭದ್ದು ಎಲ್ಲವನ್ನೂ ಸಿಮ್ಮಿಗೆ ನಕಲು ಮಾಡಿ, ಸಿಮ್ ಹೊಸ ಫೋನಿಗೆ ಹಾಕಿ, ಕಾಂಟ್ಯಾಕ್ಟ್ಸ್‌ನಲ್ಲಿ ಸಿಮ್ಮಿನಿಂದ ಇಂಪೋರ್ಟ್ ಎನ್ನುವುದನ್ನು ಒತ್ತಿ ಜಿಮೇಲ್ ಖಾತೆಗೆ ತರುವುದು. ಮೇಲೆ ಹೇಳಿದ ಬಾಲ ಕತ್ತರಿಸುವ ತೊಂದರೆ ಇಲ್ಲಿ ಇರುತ್ತದೆ.

ಎರಡನೆಯದು ಬ್ಲೂಟೂತ್ ಅಥವಾ ಮೆಮೊರಿ ಕಾರ್ಡ್. ಹಳೇ ಫೋನ್ ಹೆಸರುಗಳನ್ನೆಲ್ಲ ಒಂದು ಫೈಲ್ ಮಾಡಿ ಕೊಡುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ವಿಸಿಎಫ್ ಎಂದಿರುತ್ತದೆ. ಇದಕ್ಕೆ ವಿಕಾರ್ಡ್ ಎನ್ನುತ್ತಾರೆ. ವಿಕಾರ್ಡಿನಲ್ಲೇ ಮೂರು ತಲೆಮಾರು ಇವೆ: 1996ರ 2.1, 1998ರ 3.0, 2011ರ 4.0. ಹಳೇ ಫೋನುಗಳು ಕೊಡುವುದು ಹೆಚ್ಚಾಗಿ 2.1. ಆ ಕಾಲದ ಫೈಲಿನಲ್ಲಿ ಕನ್ನಡ ಅಕ್ಷರ ನೇರವಾಗಿ ಇರುವುದಿಲ್ಲ, ಸಮ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಬೆರೆತ ಉದ್ದನೆಯ ಸಾಲಾಗಿ ಇರುತ್ತದೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದವರು ಫೈಲ್ ಕೆಟ್ಟಿದೆ ಎಂದು ಬಿಸಾಡುತ್ತಾರೆ. ಕೆಟ್ಟಿರುವುದಿಲ್ಲ. ಅದೇ ಫೈಲನ್ನು ಹೊಸ ಫೋನಿನ ಕಾಂಟ್ಯಾಕ್ಟ್ಸ್‌ನಲ್ಲಿ ಇಂಪೋರ್ಟ್ ಮಾಡಿದರೆ ಸಾಮಾನ್ಯವಾಗಿ ಕನ್ನಡ ಸರಿಯಾಗಿಯೇ ಮೂಡುತ್ತದೆ. ಇಂಪೋರ್ಟ್ ಮಾಡುವಾಗ "ಎಲ್ಲಿಗೆ?" ಎಂದು ಫೋನ್ ಕೇಳುತ್ತದೆ. ಅಲ್ಲಿ ಫೋನ್ ಎನ್ನುವುದನ್ನು ಬಿಟ್ಟು ನಿಮ್ಮ ಜಿಮೇಲ್ ವಿಳಾಸ ಆರಿಸಿ. ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಮತ್ತೆ ಒಂದೇ ಫೋನಿನ ಹೊಟ್ಟೆಯೊಳಗೆ ಇಟ್ಟಂತಾಗುತ್ತದೆ.

ಅಂಗಡಿಯಲ್ಲಿ ಮಾಡಿಸುವವರು ಕೆಲಸ ಮುಗಿಯುವವರೆಗೆ ಅಲ್ಲೇ ನಿಂತಿರಿ. ಅವರ ಕಂಪ್ಯೂಟರಿಗೆ ಹಾಕಿಕೊಂಡ ಫೈಲನ್ನು ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ, ಅಲ್ಲಿ ನಿಮ್ಮ ಜಿಮೇಲ್ ತೆರೆದಿದ್ದರೆ ಮುಚ್ಚಿಸಿ. ಊರಿನ ನೂರಾರು ಹೆಣ್ಣುಮಕ್ಕಳ ನಂಬರ್ ಇರುವ ಪಟ್ಟಿ ಅದು.

ವಾಟ್ಸಾಪ್ ಬಗ್ಗೆ ಒಂದು ಮಾತು. ವಾಟ್ಸಾಪ್ ಹೊಸ ಫೋನಿಗೆ ಬಂತು, ಗುಂಪುಗಳೂ ಬಂದವು ಎಂದು ನಂಬರುಗಳೂ ಬಂದವು ಎಂದುಕೊಳ್ಳಬೇಡಿ. ಗುಂಪಿನಲ್ಲಿ ಹೆಸರಿಲ್ಲದ ಬರೀ ನಂಬರುಗಳು ಕಾಣುತ್ತಿದ್ದರೆ ನಿಮ್ಮ ಕಾಂಟ್ಯಾಕ್ಟ್ಸ್ ಬಂದಿಲ್ಲ ಎಂದೇ ಅರ್ಥ.

ಸಂಘದ ಕಂಪ್ಯೂಟರ್

ಈಗ ಸಂಘದ ಮನೆಗೆ ಬರೋಣ. ಕೇಂದ್ರ ಸರ್ಕಾರ 1986–87ರಲ್ಲಿ ತಂದ ಸ್ಟೆಪ್ ಯೋಜನೆಯಡಿ ಕರ್ನಾಟಕದಲ್ಲಿ ಮಹಿಳೆಯರದೇ ಹಾಲು ಸಂಘಗಳು ಶುರುವಾದವು. ಆಗ ಕಾರ್ಯದರ್ಶಿಯ ಕೈಯಲ್ಲಿದ್ದದ್ದು ಕಾಗದದ ಲೆಡ್ಜರ್. ಈಗ ಅದರ ಪಕ್ಕದಲ್ಲಿ ಕಂಪ್ಯೂಟರ್ ಇದೆ, ಅದರಲ್ಲಿ ಸಂಘದ ಈಮೇಲ್ ಇದೆ. ಒಕ್ಕೂಟ, ಬ್ಯಾಂಕು, ಲೆಕ್ಕ ಪರಿಶೋಧಕರು, ಪಶು ಆಸ್ಪತ್ರೆ, ವಿಮೆಯವರು, ಪಕ್ಕದ ಸಂಘಗಳು, ಎಲ್ಲರ ವಿಳಾಸವೂ ಅದರಲ್ಲೇ. ಓದುವವರಲ್ಲಿ ಕಾರ್ಯದರ್ಶಿಗಳು, ಹಾಲು ಪರೀಕ್ಷಕಿಯರು ಬಹಳ ಜನ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉಳಿದವರೂ ಓದಿ, ಮುಂದಿನ ಕಾರ್ಯದರ್ಶಿ ನೀವೇ ಆಗಬಹುದು.

ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಎನ್ನುವ ಈಮೇಲ್ ತಂತ್ರಾಂಶ ಇರುತ್ತಿತ್ತು. ವಿಳಾಸಗಳೆಲ್ಲ ಆ ಕಂಪ್ಯೂಟರಿನೊಳಗೇ ಡಬ್ಲ್ಯೂಎಬಿ ಎನ್ನುವ ಒಂದು ಫೈಲಿನಲ್ಲಿ ಕೂರುತ್ತಿದ್ದವು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಆದರೂ ಇನ್ನೂ ಅಂಥ ಕಂಪ್ಯೂಟರ್ ಓಡಿಸುತ್ತಿರುವವರನ್ನು ನೋಡಿದ್ದೇನೆ. ಆಮೇಲೆ ವಿಂಡೋಸ್ 10ರಲ್ಲಿ ಮೇಲ್ ಎನ್ನುವ ಆ್ಯಪ್ ಬಂತು. ಅದಕ್ಕೂ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತು ಅದರ ಜಾಗಕ್ಕೆ ಹೊಸ ಔಟ್‌ಲುಕ್ ಬಂದಿದೆ. ವಿಂಡೋಸ್ 10ರ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಲ್ಲೆಡೆ ಒಟ್ಟಿಗೇ ಕಂಪ್ಯೂಟರ್ ಬದಲಾಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಹಳೆಯದರಲ್ಲಿದ್ದ ವಿಳಾಸವನ್ನು ಹೊಸದಕ್ಕೆ ತರಲು ಎಲ್ಲ ತಂತ್ರಾಂಶಗಳಿಗೂ ಅರ್ಥವಾಗುವ ಒಂದು ರೂಪ ಬೇಕು. ಅದು ಸಿಎಸ್‌ವಿ ಫೈಲ್. ಒಬ್ಬೊಬ್ಬರದು ಒಂದೊಂದು ಸಾಲು, ಹೆಸರು, ಫೋನು, ಈಮೇಲುಗಳ ನಡುವೆ ಅಲ್ಪವಿರಾಮ, ಅಷ್ಟೇ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್, ಅದರೊಳಗೆ ಅಡ್ರೆಸ್ ಬುಕ್ ಒತ್ತಿದರೆ ಈ ಫೈಲ್ ಸಿಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹೊಸ ಔಟ್‌ಲುಕ್‌ನಲ್ಲಿ ಪೀಪಲ್ ಎಂದಿರುವ ಕಡೆ ಇಂಪೋರ್ಟ್ ಇದೆ. ಜಿಮೇಲ್ ಬಳಸುವ ಸಂಘದವರು ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಅಲ್ಲಿ ಇಂಪೋರ್ಟ್ ಮಾಡಬಹುದು.

ಹೇಳುವುದಕ್ಕೆ ಇಷ್ಟೇ. ಮಾಡುವಾಗ ಎಡವುವ ಜಾಗಗಳಿವೆ.

ಮೊದಲನೆಯದು ಫೈಲಿನ ಮೊದಲ ಸಾಲು. ಯಾವ ಕಾಲಮ್ಮಿನಲ್ಲಿ ಏನಿದೆ ಎಂದು ಹೇಳುವುದೇ ಆ ಸಾಲು. ನಿಮ್ಮ ಹಾಲಿನ ರಿಜಿಸ್ಟರ್ ನೆನೆಸಿಕೊಳ್ಳಿ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಹೊಸ ಪುಸ್ತಕದಲ್ಲಿ ಕಾಲಮ್ ಅದಲು ಬದಲಾಗಿದ್ದು, ಹಳೇ ಅಭ್ಯಾಸದಲ್ಲೇ ಬರೆದುಕೊಂಡು ಹೋದರೆ ಎಸ್‌ಎನ್‌ಎಫ್ 8.5 ಲೀಟರ್ ಕಾಲಮ್ಮಿಗೆ ಬೀಳುತ್ತದೆ. ಮೂರು ಲೀಟರ್ ಹಾಕಿದವರಿಗೆ ಎಂಟೂವರೆ ಲೀಟರ್ ಆಗುತ್ತದೆ. ಇಲ್ಲಿಯೂ ಹಾಗೇ. ಒಂದು ತಂತ್ರಾಂಶ ಈಮೇಲ್ ಕಾಲಮ್ಮಿಗೆ ಒಂದು ಹೆಸರಿಟ್ಟರೆ, ಇನ್ನೊಂದು ಬೇರೆ ಹೆಸರಿಡುತ್ತದೆ. ಅದೇ ತಂತ್ರಾಂಶದ ಹಳೇ ಆವೃತ್ತಿ, ಹೊಸ ಆವೃತ್ತಿಯೂ ಒಂದೇ ಹೆಸರಿಡುವುದಿಲ್ಲ. ಹೆಸರು ಗುರುತು ಹಿಡಿಯದಿದ್ದರೆ ಹೊಸ ತಂತ್ರಾಂಶ ಆ ವಿಳಾಸವನ್ನು ಟಿಪ್ಪಣಿ ಜಾಗಕ್ಕೆ ತಳ್ಳಬಹುದು ಅಥವಾ ಬಿಟ್ಟೇಬಿಡಬಹುದು. ಆದ್ದರಿಂದ ಮೊದಲ ಸಾಲನ್ನು ಕನ್ನಡಕ್ಕೆ ಬದಲಿಸುವುದು, ಅಂದ ಮಾಡಲು ಅಳಿಸುವುದು ಬೇಡ.

ಎರಡನೆಯದು ಎಕ್ಸೆಲ್. ಇದರಿಂದ ಆಗುವ ನಷ್ಟ ದೊಡ್ಡದು, ಅದಕ್ಕೇ ನಿಲ್ಲಿಸಿ ಹೇಳುತ್ತೇನೆ. ಸಿಎಸ್‌ವಿ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಅದು ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ. ಎಕ್ಸೆಲ್‌ಗೆ ಫೋನ್ ನಂಬರ್ ಎಂದರೆ ಫೋನ್ ನಂಬರ್ ಅಲ್ಲ, ಲೆಕ್ಕ ಮಾಡುವ ಸಂಖ್ಯೆ. 91 ಸೇರಿಸಿ ಬರೆದ 12 ಅಂಕಿಯ ಮೊಬೈಲ್ ನಂಬರನ್ನು ಅದು ಚಿಕ್ಕದು ಮಾಡಿ, ನಾಲ್ಕಾರು ಅಂಕಿ ಮತ್ತು ಒಂದು ಇಂಗ್ಲಿಷ್ ಅಕ್ಷರ ಬೆರೆಸಿ ತೋರಿಸುತ್ತದೆ. ನಾವು ಏನೂ ಮಾಡದೆ "ಸೇವ್" ಒತ್ತಿದರೂ ಸಾಕು, ಫೈಲಿನಲ್ಲಿ ಹಾಗೇ ಕೂತುಬಿಡುತ್ತದೆ. ಕೊನೆಯ ಅಂಕಿಗಳು ಹೋದಂತೆಯೇ. ನಂಬರಿನ ಮುಂದಿನ ಸೊನ್ನೆಯನ್ನೂ ಅದು ತಿನ್ನುತ್ತದೆ.

ಫೋನ್ ನಂಬರಾದರೆ ಮತ್ತೆ ಕೇಳಿ ಬರೆದುಕೊಳ್ಳಬಹುದು. ಆದರೆ ನಮ್ಮ ಸಂಘಗಳಲ್ಲಿ ಸದಸ್ಯೆಯರ ಪಟ್ಟಿಯಲ್ಲೇ ಬ್ಯಾಂಕ್ ಖಾತೆ ನಂಬರೂ ಇರುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆಯ ಮುಂದಿನ ಸೊನ್ನೆಗಳು ಹೋಗುತ್ತವೆ. 15 ಅಂಕಿಗಿಂತ ಉದ್ದದ ಖಾತೆ ನಂಬರಿನಲ್ಲಿ 16ನೆಯ ಅಂಕಿಯಿಂದ ಮುಂದೆ ಎಕ್ಸೆಲ್ ಸೊನ್ನೆ ತುಂಬುತ್ತದೆ. ಸೊನ್ನೆಯಲ್ಲೇ ಮುಗಿಯುವ ಖಾತೆ ನಂಬರ್ ನೋಡಲು ಎಷ್ಟು ಚೆನ್ನಾಗಿರುತ್ತದೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಒಂದು ಸಂಘದಲ್ಲಿ ಹೀಗೇ ಆಗಿ, ಕೆಲವರ ಹಾಲಿನ ಹಣ ಬ್ಯಾಂಕಿನಿಂದ ವಾಪಸ್ ಬಂತು. "ನಂದೊಬ್ಬಳದೇ ಯಾಕೆ ಬರಲಿಲ್ಲ?" ಎಂದು ಒಬ್ಬ ಅಜ್ಜಿ ಎರಡು ದಿನ ಡೈರಿ ಜಗುಲಿಯಲ್ಲಿ ಕೂತರು. ಕಾರ್ಯದರ್ಶಿ ಹುಡುಗಿ ಪಾಪ, ಕಾಗದದ ಪುಸ್ತಕ ಇಟ್ಟುಕೊಂಡಿದ್ದಳು. ಅದನ್ನು ನೋಡಿ ತಿದ್ದಿದಳು. ಕಾಗದ ಇರದಿದ್ದರೆ?

ಆದ್ದರಿಂದ ಸಿಎಸ್‌ವಿ ಫೈಲನ್ನು ನೋಡಲೇಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಸೇವ್ ಮಾಡದೆ ಮುಚ್ಚಿ. ಎಕ್ಸೆಲ್‌ನಲ್ಲೇ ಬೇಕಿದ್ದರೆ ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತಂದು, ನಂಬರ್ ಇರುವ ಕಾಲಮ್ಮುಗಳಿಗೆಲ್ಲ ಟೆಕ್ಸ್ಟ್ ಎಂದು ಆರಿಸಿ. ಇನ್ನೊಂದು ಮಾತು, ಆಧಾರ್ ನಂಬರ್, ಖಾತೆ ನಂಬರುಗಳನ್ನು ಈಮೇಲ್ ವಿಳಾಸ ಪುಸ್ತಕದಲ್ಲಿ ಇಡುವುದೇ ಬೇಡ. ಅವು ಸದಸ್ಯತ್ವದ ಪುಸ್ತಕದಲ್ಲಿರಲಿ.

ಮೂರನೆಯದು ಕನ್ನಡ. ಹಳೇ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಸದಸ್ಯೆಯರ ಹೆಸರು ಬರೆದಿಟ್ಟಿದ್ದರೆ ಹೊಸದರಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸದಂತೆ ಕಾಣುತ್ತದೆ. ಕಾರಣ ಇಷ್ಟು: ಆ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷಿನ ಗುರುತುಗಳೇ, ಫಾಂಟು ಅವಕ್ಕೆ ಕನ್ನಡದ ಸೀರೆ ಉಡಿಸಿ ತೋರಿಸುತ್ತದೆ. ಫಾಂಟ್ ಇಲ್ಲದ ಕಡೆ ಸೀರೆ ಇಲ್ಲ. ಈಗ ಫೋನು, ಈಮೇಲು ಎಲ್ಲ ಬಳಸುವುದು ಯೂನಿಕೋಡ್ ಕನ್ನಡ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಗುರುತು ಇದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಹೆಸರಿನ ಕಾಲಮ್ ಮಾತ್ರ ಪರಿವರ್ತಿಸಿ. ಇಡೀ ಫೈಲ್ ಕೊಟ್ಟರೆ ಈಮೇಲ್ ವಿಳಾಸದ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿ ಕೂತು, ಯಾರಿಗೂ ಅರ್ಥವಾಗದ ವಿಳಾಸವಾಗುತ್ತದೆ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ. ಐವತ್ತು, ಅರವತ್ತು ಹೆಸರಷ್ಟೇ ಇದ್ದರೆ ಪರಿವರ್ತಕದ ಗೋಜೇ ಬೇಡ, ಒಂದು ಮಧ್ಯಾಹ್ನ ಕೂತು ಹೊಸದಾಗಿ ಬರೆಯುವುದೇ ವಾಸಿ.

ನಾಲ್ಕನೆಯದನ್ನು ಬಹಳ ಜನ ತಿಳಿಯದೆ ಎಡವುತ್ತಾರೆ. ಈಮೇಲ್ ಬರೆಯುವಾಗ ಎರಡು ಅಕ್ಷರ ಒತ್ತಿದರೆ ಪೂರ್ತಿ ವಿಳಾಸ ತಾನೇ ಬರುತ್ತದಲ್ಲ, ಅದು ವಿಳಾಸ ಪುಸ್ತಕದಲ್ಲಿ ಇದೆ ಎಂದೇನೂ ಅರ್ಥವಲ್ಲ. ಹಿಂದೆ ಕಳಿಸಿದ್ದನ್ನು ತಂತ್ರಾಂಶ ನೆನಪಿಟ್ಟುಕೊಂಡು ತೋರಿಸುತ್ತಿರಬಹುದು. ವಿಳಾಸ ಪುಸ್ತಕವನ್ನು ಎಕ್ಸ್‌ಪೋರ್ಟ್ ಮಾಡಿದಾಗ ಈ ನೆನಪು ಜೊತೆಗೆ ಬರುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಒಕ್ಕೂಟದ ಶಿಬಿರ ಕಚೇರಿಯ ವಿಳಾಸ ಒತ್ತಿದರೆ ಬರಲೇ ಇಲ್ಲ ಎಂದು ಫೋನ್ ಮಾಡುವವರಿಗೆ ಆಗಿರುವುದು ಹೆಚ್ಚಾಗಿ ಇದೇ. ಹಳೇ ಕಂಪ್ಯೂಟರ್ ಬಿಡುವ ಮೊದಲು "ಕಳಿಸಿದ ಪತ್ರಗಳು" ತೆರೆದು, ಮುಖ್ಯವಾದ ವಿಳಾಸಗಳು ಪುಸ್ತಕಕ್ಕೆ ಸೇರಿವೆಯೇ ಎಂದು ನೋಡಿ, ಸೇರಿರದಿದ್ದರೆ ಸೇರಿಸಿ.

ಫೋನಿನ ವಿಸಿಎಫ್ ಫೈಲನ್ನು ಕಂಪ್ಯೂಟರಿನ ಹಳೇ ಔಟ್‌ಲುಕ್‌ಗೆ ಕೊಡುವವರಿಗೆ ಒಂದು ಎಚ್ಚರಿಕೆ. ಇನ್ನೂರು ಹೆಸರಿನ ಒಂದೇ ಫೈಲ್ ಕೊಟ್ಟರೆ ಅದು ಮೊದಲನೆಯ ಹೆಸರನ್ನು ಮಾತ್ರ ತೆಗೆದುಕೊಂಡು ಸುಮ್ಮನಾಗುತ್ತದೆ. ಅದನ್ನು ಮೊದಲು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹಾಕಿ, ಅಲ್ಲಿಂದ ಔಟ್‌ಲುಕ್ ಸಿಎಸ್‌ವಿ ಎಂದು ಎಕ್ಸ್‌ಪೋರ್ಟ್ ಮಾಡಿದರೆ ಎಲ್ಲವೂ ಬರುತ್ತವೆ.

ಎಣಿಸಿ ನೋಡಿ

ಹಾಲನ್ನು ಅಳತೆ ಮಾಡದೆ ಕ್ಯಾನಿಗೆ ಸುರಿಯುವುದಿಲ್ಲ. ಇಲ್ಲೂ ಹಾಗೇ, ಹಳೆಯದರಲ್ಲಿ ಎಷ್ಟು ಹೆಸರಿತ್ತು, ಹೊಸದರಲ್ಲಿ ಎಷ್ಟು ಬಂತು ಎಂದು ಎಣಿಸಿ. ಹೊಸದರಲ್ಲಿ ಕಡಿಮೆ ಇದ್ದರೆ ಎಲ್ಲೋ ಸೋರಿದೆ. ಎರಡರಷ್ಟಿದ್ದರೆ ಸಿಮ್ಮಿನದೂ ಫೋನಿನದೂ ಸೇರಿ ಒಂದೊಂದು ಹೆಸರು ಎರಡೆರಡು ಸಲ ಬಂದಿದೆ. ಅದರಿಂದ ನಷ್ಟವಿಲ್ಲ, ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಅವನ್ನು ಕೂಡಿಸುವ ಅನುಕೂಲವಿದೆ. ಪಟ್ಟಿಯ ಮೇಲಿಂದ ಒಂದು, ನಡುವಿನಿಂದ ಒಂದು, ಕೊನೆಯಿಂದ ಒಂದು ಹೆಸರು ತೆಗೆದು ಅಂಕಿ ಅಂಕಿ ತಾಳೆ ನೋಡಿ. ಒಂದು ನಂಬರಿಗೆ ಕರೆ ಮಾಡಿ, ಒಂದು ವಿಳಾಸಕ್ಕೆ ಈಮೇಲ್ ಕಳಿಸಿ.

ಕೈತಪ್ಪಿ ಅಳಿಸಿದ್ದರೂ ದಾರಿಯಿದೆ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಅಳಿಸಿದ ಹೆಸರುಗಳು 30 ದಿನ ಕಸದ ಬುಟ್ಟಿಯಲ್ಲಿರುತ್ತವೆ. ಇಡೀ ಪಟ್ಟಿ ಕೆಟ್ಟಿದ್ದರೆ 30 ದಿನದೊಳಗಿನ ಹಿಂದಿನ ಸ್ಥಿತಿಗೆ ಮರಳಿಸುವ ಅನುಕೂಲವೂ ಇದೆ. ಗೊತ್ತಾದ ಕೂಡಲೇ ಮಾಡಬೇಕು, ಹಬ್ಬ ಕಳೆಯಲಿ ಎಂದು ಬಿಡಬಾರದು.

ಹಳೇ ಫೋನನ್ನು ಅಳಿಸುವುದು, ಮಾರುವುದು, ಪಾತ್ರೆಯವನಿಗೆ ಕೊಡುವುದು ಎರಡು ಬಟವಾಡೆ ಕಳೆದ ಮೇಲೆ ಇರಲಿ. ಆ ಹೊತ್ತಿಗೆ ಬೇಕಾದ ನಂಬರುಗಳನ್ನೆಲ್ಲ ಒಮ್ಮೆಯಾದರೂ ಹುಡುಕಿರುತ್ತೀರಿ, ಇಲ್ಲದ್ದು ಯಾವುದು ಎಂದು ಗೊತ್ತಾಗಿರುತ್ತದೆ.

"ನಿಮ್ಮ ಕಾಂಟ್ಯಾಕ್ಟ್ಸ್ ತಂದುಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಯಾರಾದರೂ ವಾಟ್ಸಾಪಿನಲ್ಲಿ ಫೈಲ್ ಕಳಿಸಿದರೆ ಮುಟ್ಟಬೇಡಿ. ಒಟಿಪಿ ಕೇಳಿದರೆ ಕೊಡಬೇಡಿ. ಮೋಸ ಹೋಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಆದ ಮೇಲೂ ಕೊಟ್ಟಿಗೆಯ ಗೋಡೆಯ ಮೇಲೆ, ಹಸು ನೆಕ್ಕದಷ್ಟು ಎತ್ತರದಲ್ಲಿ, ಬಣ್ಣದಲ್ಲಿ ನಾಲ್ಕು ನಂಬರ್ ಬರೆಸಿಡಿ: ಕೃತಕ ಗರ್ಭಧಾರಣೆ ಕಾರ್ಯಕರ್ತರು, ನಿಮ್ಮ ಪಶು ಆಸ್ಪತ್ರೆ, ಸಂಘದ ಕಾರ್ಯದರ್ಶಿ, ಮತ್ತು ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ 1962. ಎಚ್.ಡಿ. ಕೋಟೆಯ ಆ ಅಕ್ಕ ಈಗ ಹಾಗೆ ಬರೆಸಿದ್ದಾರೆ. ಮುಂದಿನ ಬೆದೆಗೆ ಕಾರ್ಯಕರ್ತರು ಹೊತ್ತಿಗೆ ಸರಿಯಾಗಿ ಬಂದರಂತೆ, ಹಸು ಗಬ್ಬವಾಗಿದೆ.

ಮುಂದಿನ ಸದಸ್ಯೆಯರ ಸಭೆಗೆ ನಾನು ಬರುವಾಗ ಪೆನ್‌ಡ್ರೈವ್ ತರುತ್ತೇನೆ. ನೀವು ಹಳೇ ಫೋನ್ ತನ್ನಿ, ಜೊತೆಗೆ ಅದರ ಚಾರ್ಜರನ್ನೂ ತನ್ನಿ. ಆ ಸಣ್ಣ ಪಿನ್ನಿನ ಚಾರ್ಜರ್ ಈಗ ಎಲ್ಲರ ಮನೆಯಲ್ಲೂ ಸಿಗುವುದಿಲ್ಲ.